ದೀಪ ಉರಿಯುವ ಊರು

ವಾಟ್ಸಾಪ್‌ನಲ್ಲಿ ಒಂದು ಫೋಟೊ ಆಗಾಗ ಸುತ್ತು ಹೊಡೆಯುತ್ತಿರುತ್ತೆ. ಅಮೆರಿಕದ ರಸ್ತೆ ಬದಿಯ ಹಸಿರು ಬೋರ್ಡು. ಮೇಲೆ ಮೊನೊವಿ ಅಂತ ಊರಿನ ಹೆಸರು, ಕೆಳಗೆ ಜನಸಂಖ್ಯೆ 1. ಮೊನ್ನೆ ನಮ್ಮ ಗ್ರೂಪಿಗೂ ಬಂತು. ಒಬ್ಬರು ಅಳುವ ಮುಖ ಹಾಕಿ 'ಪಾಪ, ಒಂಟಿ ಅಜ್ಜಿ' ಅಂದರು. ಇನ್ನೊಬ್ಬರು 'ಮಕ್ಕಳು ಬಿಟ್ಟು ಹೋದ್ರೆ ಹೀಗೇ' ಅಂತ ಉಪದೇಶ ಶುರು ಮಾಡಿದರು.

ನನಗೆ ಆ 'ಪಾಪ' ಅನ್ನೋದು ಸ್ವಲ್ಪವೂ ಹಿಡಿಸಲಿಲ್ಲ.

ನಮ್ಮಪ್ಪ ಗ್ರಾಮ ಲೆಕ್ಕಿಗರಾಗಿದ್ದರು. ಮನೆ ತುಂಬ ಪಹಣಿ, ಕಂದಾಯದ ರಸೀದಿ, ಕೆಂಪು ದಾರದ ಕಟ್ಟುಗಳು. ಹಾಗಾಗಿ ಯಾವ ಊರಿನ ಕಥೆ ಕೇಳಿದರೂ ನನ್ನ ಮೊದಲ ಪ್ರಶ್ನೆ ಒಂದೇ: ಅಲ್ಲಿನ ಕಾಗದಪತ್ರ ಯಾರು ನೋಡಿಕೊಳ್ತಾರೆ? ಮೊನೊವಿಯ ನಿಜವಾದ ಮಜಾ ಇರೋದು ಅಲ್ಲೇ.

ಊರಿನ ಆ ಒಬ್ಬರೇ ನಿವಾಸಿ ಎಲ್ಸಿ ಐಲರ್. ಮೇಯರ್ ಅವರೇ, ಗುಮಾಸ್ತೆ ಅವರೇ, ಖಜಾಂಚಿ ಅವರೇ. ಊರಿನ ಏಕೈಕ ಹೋಟೆಲ್ಲಿನ ಯಜಮಾನಿಯೂ ಅವರೇ. ಅಲ್ಲಿ ಬಿಯರ್ ಮಾರಲು ಲೈಸೆನ್ಸ್ ಬೇಕಲ್ವಾ? ಅರ್ಜಿ ಹಾಕುವವರು ಹೋಟೆಲ್ಲಿನ ಎಲ್ಸಿ. ಅರ್ಜಿ ತೆಗೆದುಕೊಳ್ಳುವವರು ಗುಮಾಸ್ತೆ ಎಲ್ಸಿ. ಮಂಜೂರು ಮಾಡಿ ಸಹಿ ಹಾಕುವವರು ಮೇಯರ್ ಎಲ್ಸಿ. ಅಡುಗೆಮನೆಯ ಟೇಬಲ್ಲಿನ ಮೇಲೇ ಫೈಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದರೆ ಸಾಕು, ಕೆಲಸ ಆಯ್ತು. ಎಲ್ಲ ಕಚೇರಿಯಲ್ಲೂ ಹೀಗೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಒಂದು ಕ್ಷಣ ಅನ್ನಿಸಿತು ನೋಡಿ!

ತೆರಿಗೆಯದ್ದೂ ಅದೇ ಕಥೆ. ವರ್ಷಕ್ಕೆ ಸುಮಾರು 500 ಡಾಲರ್ ತಾವೇ ವಿಧಿಸಿ, ತಾವೇ ಕಟ್ಟುತ್ತಾರೆ. ಊರಿನ ನಾಲ್ಕು ಬೀದಿದೀಪ ಮತ್ತು ನೀರಿನ ಖರ್ಚಿಗೆ. ಸಾಲದ್ದಕ್ಕೆ ರಾಜ್ಯ ಸರ್ಕಾರದ ದುಡ್ಡು ಬರಬೇಕು ಅಂದರೆ ಪ್ರತಿ ವರ್ಷ ಊರಿನ ರಸ್ತೆ ಯೋಜನೆ ಬರೆದು ಕಳಿಸಬೇಕು. ಅದನ್ನೂ ಕಳಿಸುತ್ತಾರೆ. ಇದೆಲ್ಲ ಇರುವುದರಿಂದಲೇ ಕಾನೂನಿನ ಲೆಕ್ಕದಲ್ಲಿ ಅದು ಇನ್ನೂ ಊರು. ಯಾರೋ ಕಾಡಿನಲ್ಲಿ ಒಂಟಿ ಮನೆ ಕಟ್ಟಿಕೊಂಡು ಇರುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಈ ಕಾಗದಪತ್ರವೇ.

ಊರು ಇರೋದು ನೆಬ್ರಾಸ್ಕಾ ರಾಜ್ಯದ ಬಾಯ್ಡ್ ಕೌಂಟಿಯಲ್ಲಿ, ದಕ್ಷಿಣ ಡಕೋಟಾ ಗಡಿಯ ಹತ್ತಿರ. ಒಂದು ಕಡೆ ಮಿಸೌರಿ ನದಿ, ಇನ್ನೊಂದು ಕಡೆ ನಯೊಬ್ರಾರಾ. ಮೊನೊವಿ ಅಂದರೆ ಮೂಲನಿವಾಸಿಗಳ ಮಾತಿನಲ್ಲಿ ಹೂವು ಅಂತ ಅರ್ಥವಂತೆ. ಹೆಸರು ಉಳಿಯಿತು, ಆದರೆ ಆ ಸೀಮೆಯ ಮೂಲನಿವಾಸಿಗಳನ್ನು ಅಲ್ಲಿ ಉಳಿಯಲು ಬಿಡಲಿಲ್ಲ. ನಯೊಬ್ರಾರಾ ದಂಡೆಯ ಪೊಂಕಾ ಅನ್ನೋ ಮೂಲನಿವಾಸಿ ಜನರನ್ನು 1877ರಲ್ಲಿ ಸೈನ್ಯ ಬಲವಂತವಾಗಿ ಎಬ್ಬಿಸಿ ದಕ್ಷಿಣಕ್ಕೆ, ಈಗಿನ ಒಕ್ಲಹೋಮಾ ಕಡೆಗೆ ಅಟ್ಟಿತು. ಅಲ್ಲಿ ಅವರ ನಾಯಕ ಸ್ಟ್ಯಾಂಡಿಂಗ್ ಬೇರ್‌ನ ಮಗ ಸತ್ತ. ಮಗನನ್ನು ಹುಟ್ಟಿದ ನೆಲದಲ್ಲೇ ಮಣ್ಣು ಮಾಡಬೇಕು ಅಂತ ಅಪ್ಪ ಚಳಿಗಾಲದಲ್ಲಿ ಹೆಣದ ಸಮೇತ ವಾಪಸ್ ಹೊರಟ. ಹಿಡಿದು ಹಾಕಿದರು. 1879ರಲ್ಲಿ ಒಮಾಹಾದ ನ್ಯಾಯಾಲಯ, ಇಂಡಿಯನ್ (ಅಂದರೆ ಅಮೆರಿಕದ ಮೂಲನಿವಾಸಿ) ಕೂಡ ಕಾನೂನಿನ ಕಣ್ಣಿಗೆ ಮನುಷ್ಯನೇ ಅಂತ ತೀರ್ಪು ಕೊಟ್ಟಿತು. ಅದಕ್ಕೂ ಒಂದು ತೀರ್ಪು ಬೇಕಾಯಿತು. 'ಅಯ್ಯೋ, ಊರು ಖಾಲಿಯಾಯಿತು' ಅಂತ ಕಣ್ಣೀರು ಹಾಕುವವರು ಆ ಸೀಮೆ ಅದಕ್ಕೂ ಮುಂಚೆ ಒಂದು ಸಲ ಖಾಲಿಯಾಗಿದ್ದನ್ನು ನೆನೆಯುವುದಿಲ್ಲ.

ಆಮೇಲೆ ವಲಸಿಗರು ಬಂದರು. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ, ಐದು ವರ್ಷ ಇದ್ದು ಉಳುಮೆ ಮಾಡಿದರೆ 160 ಎಕರೆ ನಿಮ್ಮದೇ. ಹಿಂದೆಯೇ ರೈಲೂ ಬಂತು. 1900ರ ಆಸುಪಾಸಿನಲ್ಲಿ ಹಳಿಯ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಊರು ಎದ್ದಿತು, ಅದರಲ್ಲಿ ಇದೂ ಒಂದು. 1930ರ ದಶಕದಲ್ಲಿ ಮೊನೊವಿ ಜೋರಾಗಿದ್ದಾಗ ಸುಮಾರು 150 ಜನ. ಮೂರು ದಿನಸಿ ಅಂಗಡಿ, ಶಾಲೆ, ಚರ್ಚು, ಅಂಚೆ ಕಚೇರಿ. ಟ್ರ್ಯಾಕ್ಟರ್ ಬಂದ ಮೇಲೆ ಹತ್ತು ಕುಟುಂಬದ ಹೊಲವನ್ನು ಒಂದೇ ಕುಟುಂಬ ಉತ್ತುಬಿಡುತ್ತೆ. ಮಿಕ್ಕ ಒಂಬತ್ತು ಮನೆಯವರು ಏನು ಮಾಡಬೇಕು? ಹೋದರು. ಚರ್ಚಿನಲ್ಲಿ ಕೊನೆಯ ಶವಸಂಸ್ಕಾರ 1960ರಲ್ಲಿ, ಎಲ್ಸಿಯ ಅಪ್ಪನದೇ. 1967ರಿಂದ 1970ರ ಒಳಗೆ ಅಂಚೆ ಕಚೇರಿಯೂ ಹೋಯಿತು, ಕೊನೆಯ ದಿನಸಿ ಅಂಗಡಿಯೂ ಹೋಯಿತು. 1974ರಲ್ಲಿ ಶಾಲೆಗೆ ಬೀಗ.

ಇದರ ನಡುವೆ, 1971ರಲ್ಲಿ, ಎಲ್ಸಿ ಮತ್ತು ಅವರ ಗಂಡ ರೂಡಿ ಸೇರಿ ಮೊನೊವಿ ಟ್ಯಾವರ್ನ್ ಶುರು ಮಾಡಿದರು! ಎಲ್ಲರೂ ಅಂಗಡಿ ಮುಚ್ಚಿಕೊಂಡು ಹೋಗುವಾಗ ಇವರು ಬಾಗಿಲು ತೆಗೆದರು. ನಮ್ಮಪ್ಪನ ಕೈಗೆ ಲೆಕ್ಕ ಕೊಟ್ಟಿದ್ದರೆ 'ತಲೆ ಕೆಟ್ಟಿದೆಯೇನ್ರೀ' ಅಂತಿದ್ದರು. ಆದರೆ ನಡೆಯಿತು. ಸುತ್ತಮುತ್ತ ರೈತರು ಇದ್ದರಲ್ಲ, ದನ ಸಾಕುವವರು ಇದ್ದರಲ್ಲ, ಅವರಿಗೆಲ್ಲ ಬಂದು ಕೂರಲು ಒಂದು ಜಾಗ ಬೇಕಿತ್ತು. ಇಪ್ಪತ್ತು ಮೂವತ್ತು ಮೈಲಿ ಗಾಡಿ ಓಡಿಸಿಕೊಂಡು ಬಂದು ಬರ್ಗರ್ ತಿಂದು, ಬಿಯರ್ ಕುಡಿದು, ಮಳೆ, ಜೋಳ, ಮೊಮ್ಮಕ್ಕಳ ಸುದ್ದಿ ಮಾತಾಡಿ ಹೋಗುತ್ತಾರೆ. ವಾರಕ್ಕೆ ಆರು ದಿನ ಬಾಗಿಲು ತೆಗೆಯುವ ಹೆಂಗಸಿಗೆ ನಾವು ಫೋನಿನಲ್ಲಿ 'ಒಂಟಿ' ಅಂತ ಹೆಸರಿಡುತ್ತೇವೆ. ನನ್ನ ಅಪಾರ್ಟ್‌ಮೆಂಟಿನಲ್ಲಿ ಅರವತ್ತು ಮನೆ ಇವೆ. ನಿನ್ನೆ ನಾನು ಮಾತಾಡಿಸಿದ್ದು ಕೊರಿಯರ್ ಹುಡುಗನನ್ನು ಮಾತ್ರ.

2004ರಲ್ಲಿ ರೂಡಿ ತೀರಿಕೊಂಡರು, ಬೋರ್ಡಿನಲ್ಲಿ 2 ಇದ್ದದ್ದು 1 ಆಯಿತು. ಅವರಿಗೆ ಓದುವ ಹುಚ್ಚು. ತಮ್ಮ ಪುಸ್ತಕವನ್ನೆಲ್ಲ ಒಂದು ಲೈಬ್ರರಿ ಮಾಡಬೇಕು ಅಂತಿದ್ದರು. ಅವರು ಹೋದ ಮೇಲೆ ಮನೆಯವರು ಸೇರಿ ಅದನ್ನು ಮುಗಿಸಿದರು. ಒಂದು ಶೆಡ್ಡಿನಷ್ಟು ಕಟ್ಟಡ, ಒಳಗೆ ಸುಮಾರು 5,000 ಪುಸ್ತಕ. ತಲಾವಾರು ಲೆಕ್ಕ ಹಾಕಿದರೆ ಜಗತ್ತಿನ ಯಾವ ನಗರವೂ ಹತ್ತಿರ ಬರಲಿಕ್ಕಿಲ್ಲ.

ಅಪ್ಪನ ದಫ್ತರದಲ್ಲಿ ಒಂದು ಪದ ಇರುತ್ತಿತ್ತು: ಬೇಚರಾಕ್. ಜನವಸತಿ ಇಲ್ಲದ ಹಳ್ಳಿಗೆ ಕಂದಾಯ ಇಲಾಖೆ ಇಟ್ಟ ಹೆಸರು. ಹೆಸರು ಇರುತ್ತೆ, ಎಲ್ಲೆ ಇರುತ್ತೆ, ಸರ್ವೆ ನಂಬರ್ ಇರುತ್ತೆ, ಜನ ಇರಲ್ಲ. ಚಿಕ್ಕವನಿದ್ದಾಗ ಏನೋ ಬೈಗುಳ ಅಂದುಕೊಂಡಿದ್ದೆ. ದೊಡ್ಡವನಾದ ಮೇಲೆ ಗೊತ್ತಾಯಿತು, ಅದು ಪಾರ್ಸಿಯ ಬೇ-ಚಿರಾಗ್. ದೀಪವಿಲ್ಲದ್ದು ಅಂತ. ಮೊನೊವಿಯ ಆ ನಾಲ್ಕು ಬೀದಿದೀಪದ ಬಗ್ಗೆ ಓದಿದಾಗ ಈ ಪದ ನೆನಪಾಗಿ ಸುಮ್ನೆ ಕೂತುಬಿಟ್ಟೆ. ರಾತ್ರಿ ಆ ದೀಪದ ಕೆಳಗೆ ಓಡಾಡುವವರು ಯಾರೂ ಇಲ್ಲ. ಆದರೂ ಪ್ರತಿ ವರ್ಷ ಒಬ್ಬ ಹೆಂಗಸು ತನ್ನ ಮೇಲೆ ತಾನೇ ತೆರಿಗೆ ಹಾಕಿಕೊಂಡು ಅದನ್ನು ಉರಿಸುತ್ತಾ ಬಂದಿದ್ದಾರೆ.

ಜನಗಣತಿ ಎಣಿಸುವುದು ಎಲ್ಲಿ ಮಲಗುತ್ತೀರಿ ಅನ್ನೋದನ್ನು. ಎಲ್ಲಿಗೆ ಹೋಗಿ ಕೂರುತ್ತೀರಿ ಅನ್ನೋದನ್ನಲ್ಲ. ಎರಡನೇ ಲೆಕ್ಕ ಹಿಡಿದರೆ ಮೊನೊವಿ ಅಷ್ಟೇನೂ ಚಿಕ್ಕ ಊರಲ್ಲ ಅನ್ನೋದು ನನ್ನ ವಾದ.

ಕಂಪನಿಗಳಿಗಂತೂ ಈ '1' ಅನ್ನೋ ಅಂಕಿ ಮೇಲೆ ಮಾತ್ರ ಕಣ್ಣು. 2018ರಲ್ಲಿ ಆರ್ಬೀಸ್ ಅನ್ನೋ ಹೋಟೆಲ್ ಕಂಪನಿ, ತಮ್ಮಲ್ಲಿ ಇನ್ಮೇಲೆ ಕೋಕ್ ಸಿಗುತ್ತೆ ಅಂತ ಹೇಳಲು ಸುಮಾರು ಐದು ಎಕರೆಯಷ್ಟು ದೊಡ್ಡ ಪೋಸ್ಟರ್ ತಂದು ಇಲ್ಲಿ ಹಾಸಿತು. ಗಿನ್ನೆಸ್ ದಾಖಲೆಯೂ ಆಯಿತು. ವಯೋಮಿಂಗ್‌ನ ಬ್ಯೂಫರ್ಡ್ ಅಂತ ಇನ್ನೊಂದು ಒಬ್ಬರೇ ಇದ್ದ ಜಾಗ. ಅದು 2012ರಲ್ಲಿ 9 ಲಕ್ಷ ಡಾಲರಿಗೆ ಹರಾಜಾಯಿತು, ವಿಯೆಟ್ನಾಂನವರೊಬ್ಬರು ಕೊಂಡುಕೊಂಡರು. ಮೊನೊವಿಯನ್ನು ಹಾಗೆ ಹರಾಜು ಹಾಕಲು ಆಗಲ್ಲ. ಅಲ್ಲಿ ಮೇಯರ್ ಇದ್ದಾರೆ.

ಇನ್ನೊಂದು ಹೇಳಲೇಬೇಕು. 2020ರ ಗಣತಿಯ ಅಂಕಿ ಹೊರಬಂದಾಗ ಮೊನೊವಿಯ ಜನಸಂಖ್ಯೆ 2 ಅಂತ ಇತ್ತು! ಎಲ್ಸಿಗೇ ಆಶ್ಚರ್ಯ. ಹೊಸಬರು ಯಾರೂ ಬಂದಿರಲಿಲ್ಲ. ಜನರ ಖಾಸಗಿ ವಿವರ ಬಯಲಾಗಬಾರದು ಅಂತ ಗಣತಿ ಇಲಾಖೆಯವರು ಸಣ್ಣ ಊರುಗಳ ಅಂಕಿಯನ್ನು ಬೇಕಂತಲೇ ಸ್ವಲ್ಪ ಆಚೀಚೆ ಮಾಡುತ್ತಾರಂತೆ. ಊರಿಗೆಲ್ಲ ಒಬ್ಬರೇ ಇರುವಾಗ, ಬೋರ್ಡಿನಲ್ಲಿ ಅದನ್ನೇ ಬರೆದು ನಿಲ್ಲಿಸಿರುವಾಗ, ಅವರ ಗುಟ್ಟು ಕಾಪಾಡಲು ಸರ್ಕಾರ ಇನ್ನೊಬ್ಬರನ್ನು ಹುಟ್ಟಿಸಿತು. ಆ ಇನ್ನೊಬ್ಬರಿಗೆ ಎಲ್ಸಿ ತೆರಿಗೆ ನೋಟಿಸ್ ಕಳಿಸಿದರಾ ಅಂತ ಅಪ್ಪ ಇದ್ದಿದ್ದರೆ ಖಂಡಿತ ಕೇಳುತ್ತಿದ್ದರು.