ಕುಂಟುವ ಮರಿಯ ಕಾಲಿಗೆ ಬಟ್ಟೆ ಕಟ್ಟುವ ಮೊದಲು

ಮಳೆ ಹಿಡಿದು ತಿಂಗಳಾಗುತ್ತಿದ್ದಂತೆ ನಮ್ಮ ಕಾಸರಗೋಡಿನ ಕಡೆ ಆಡು ಸಾಕುವ ಮನೆಗಳಲ್ಲಿ ಒಂದಾದರೂ ಮರಿ ಕುಂಟತೊಡಗುತ್ತದೆ. ಅದನ್ನು ಕಂಡೊಡನೆ ನಾವು ಅರಸಿನ, ತೆಂಗಿನೆಣ್ಣೆ ಕಲಸಿ ಹಚ್ಚಿ ಬಟ್ಟೆ ಸುತ್ತುತ್ತೇವೆ. ಅದಕ್ಕೂ ಬಗ್ಗದಿದ್ದರೆ ಇಂಜೆಕ್ಷನ್ ಕೊಡಿಸುತ್ತೇವೆ. ಮರಿಯನ್ನು ಮಡಿಲಲ್ಲಿ ಮಲಗಿಸಿಕೊಂಡು, ಗೊರಸನ್ನು ತೊಳೆದು ಒರೆಸಿ, ಸಂದನ್ನು ಬೆರಳಿನಿಂದ ಅಗಲಿಸಿ ಬೆಳಕಿಗೆ ಹಿಡಿದು ನೋಡುವ ಕೆಲಸ ಮಾತ್ರ ಹೆಚ್ಚಿನ ಮನೆಗಳಲ್ಲಿ ನಡೆಯುವುದಿಲ್ಲ. ಮೊದಲು ಆಗಬೇಕಾದದ್ದು ಅದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡು ವರ್ಷದ ಹಿಂದೆ, ಮಳೆಗಾಲದ ಆಟಿ ತಿಂಗಳಲ್ಲಿ, ನಮ್ಮ ಮಲಬಾರಿ ತಳಿಯ ಆಡಿನ ಅವಳಿ ಮರಿಗಳಲ್ಲಿ ಒಂದು ಮುಂಗಾಲನ್ನು ಎತ್ತಿ ನಡೆಯತೊಡಗಿತು. ಗೂಡಿನ ನೆಲಕ್ಕೆ ಹೊಡೆದ ಅಡಕೆ ದಬ್ಬೆಗಳ ಎಡೆಯಲ್ಲಿ ಕಾಲು ಸಿಕ್ಕಿ ಉಳುಕಿರಬೇಕೆಂದು ಭಾವಿಸಿ ನಾಲ್ಕು ದಿನ ಬಟ್ಟೆ ಕಟ್ಟಿಟ್ಟೆ. ಐದನೆಯ ದಿನ ಅದು ಮೊಣಕಾಲೂರಿಕೊಂಡು ಹಲಸಿನ ಸೊಪ್ಪು ತಿನ್ನುತ್ತಿರುವುದನ್ನು ಕಂಡು ಕಟ್ಟು ಬಿಚ್ಚಿದಾಗ ಎದ್ದ ಕೊಳೆತ ವಾಸನೆಯನ್ನು ಇಂದಿಗೂ ಮರೆತಿಲ್ಲ. ಸಂದಿನ ಚರ್ಮ ನೆನೆದು ಬೆಳ್ಳಗಾಗಿ ಸುಲಿದಿತ್ತು. ಗೊರಸಿನ ಒಳಬದಿ ಅಡಿಯಿಂದ ಬಿಟ್ಟುಕೊಂಡು, ಅದರೊಳಗೆ ಬೂದು ಬಣ್ಣದ ಗಸಿ ತುಂಬಿತ್ತು. ಮೃಗಾಸ್ಪತ್ರೆಯ ಡಾಕ್ಟರು ನೋಡಿ, "ಗಾಯಕ್ಕೆ ಗಾಳಿ ಸಿಗದಂತೆ ಮಾಡಿದ್ದೀರಿ, ಇದಕ್ಕೆ ಬೇಕಾದದ್ದೇ ಗಾಳಿ" ಎಂದರು.

ಅವರ ಮಾತಿಗೆ ಕಾರಣವಿದೆ. ಗೊರಸು ಕೊಳೆಯುವ ಈ ರೋಗದಲ್ಲಿ ಎರಡು ಬ್ಯಾಕ್ಟೀರಿಯಾಗಳು ಜೊತೆಗೂಡುತ್ತವೆ. ಫ್ಯುಸೊಬ್ಯಾಕ್ಟೀರಿಯಂ ನೆಕ್ರೊಫೋರಮ್ ಎಂಬುದು ಹಿಕ್ಕೆಯಲ್ಲಿ, ಕೆಸರಿನಲ್ಲಿ ಯಾವಾಗಲೂ ಇರುವಂಥದ್ದು. ನೆನೆದು ಮೆತ್ತಗಾದ ಚರ್ಮವನ್ನು ಅದು ಮೊದಲು ಕೆಡಿಸುತ್ತದೆ. ಆ ಬಾಗಿಲಿನಿಂದ ಒಳಹೊಕ್ಕ ಡೈಕೆಲೋಬ್ಯಾಕ್ಟರ್ ನೊಡೋಸಸ್ ಗೊರಸಿನ ಗಟ್ಟಿಯಾದ ಹೊರಪದರವನ್ನು ಒಳಗಿನ ಮಾಂಸದಿಂದ ಬೇರ್ಪಡಿಸುತ್ತದೆ. ಎರಡೂ ಆಮ್ಲಜನಕವಿಲ್ಲದ ಕಡೆ ಬೆಳೆಯುವಂಥವು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ, ಅದರಲ್ಲೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೇ ಬೀಳುವ ಈ ನೆಲದಲ್ಲಿ ಮರಿಯ ಕಾಲು ಒಣಗಲು ನಾವಾಗಿ ಅವಕಾಶ ಮಾಡಿಕೊಡದಿದ್ದರೆ ಬೇರೆ ದಾರಿಯಿಲ್ಲ.

ಅಂದು ಕಲಿತ ಚಿಕಿತ್ಸೆ ಸರಳವಾಗಿದೆ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಜಿಂಕ್ ಸಲ್ಫೇಟನ್ನು ಲೀಟರಿಗೆ 100 ಗ್ರಾಂನಂತೆ ನೀರಿನಲ್ಲಿ ಕರಗಿಸಬೇಕು. ಸಣ್ಣ ಮರಿಯನ್ನು ತೊಟ್ಟಿಗೆ ಇಳಿಸುವುದಕ್ಕಿಂತ, ಹಳೆಯ ಡಬ್ಬಿಯಲ್ಲಿ ದ್ರಾವಣ ತುಂಬಿ ತೊಳೆದ ಕಾಲುಗಳನ್ನು ಒಂದೊಂದಾಗಿ ಹತ್ತು ನಿಮಿಷ ಅದ್ದಿ ಹಿಡಿಯುವುದು ಸುಲಭ. ಅನಂತರ ಕನಿಷ್ಠ ಅರ್ಧ ಗಂಟೆ ಒಣ ನೆಲದಲ್ಲಿ ನಿಲ್ಲಿಸಬೇಕು. ಇದನ್ನು ಬಿಟ್ಟರೆ ಅದ್ದಿದ್ದು ವ್ಯರ್ಥ. ಸಡಿಲವಾಗಿ ಜೋತುಬಿದ್ದ ಗೊರಸಿನ ಅಂಚನ್ನಷ್ಟೇ ಕತ್ತರಿಸಬೇಕೇ ಹೊರತು ರಕ್ತ ಬರುವಷ್ಟು ಕೆತ್ತಬಾರದು, ಏಕೆಂದರೆ ಅದರಿಂದ ಗಾಯ ಮಾಯುವುದು ಇನ್ನಷ್ಟು ತಡವಾಗುತ್ತದೆ. ಒಳಗೆ ಕೀವಿದ್ದರೆ, ಜ್ವರವಿದ್ದರೆ ಆ್ಯಂಟಿಬಯಾಟಿಕ್ ಬೇಕಾಗಬಹುದು. ಅದರ ಪ್ರಮಾಣವನ್ನು ಮರಿಯ ತೂಕ ನೋಡಿ ಡಾಕ್ಟರೇ ನಿರ್ಧರಿಸಬೇಕು. ಗಾಯವಿದ್ದ ಆಡುಗಳಿಗೆ ಧನುರ್ವಾಯುವಿನ ಭಯವೂ ಇರುವುದರಿಂದ ಆ ಲಸಿಕೆಯ ಬಗ್ಗೆಯೂ ಅವರನ್ನೇ ಕೇಳಿ.

ಮೈಲುತುತ್ತಿನ, ಅಂದರೆ ತಾಮ್ರದ ಸಲ್ಫೇಟಿನ, ಬಗ್ಗೆ ಒತ್ತಿ ಹೇಳಬೇಕಾಗಿದೆ. ಅಡಕೆಯ ಕೊಳೆರೋಗಕ್ಕೆ ತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬಿಡುವ ನಮ್ಮ ಅಡಕೆ ಮನೆಗಳಲ್ಲಿ ತುತ್ತು ಇಲ್ಲದ ಮಳೆಗಾಲವೇ ಇಲ್ಲ, ಮತ್ತು ಅದರ ನೀರಿಗೂ ಗೊರಸಿನ ರೋಗಾಣುಗಳನ್ನು ಕೊಲ್ಲುವ ಶಕ್ತಿಯಿದೆ. ಆದರೆ ಮರಿಗಳು ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತವೆ, ತಾಮ್ರ ಹೊಟ್ಟೆಗೆ ಹೋದರೆ ಅವುಗಳಿಗೆ ವಿಷ. ತುತ್ತಿನ ನೀರು ತುಂಬಿದ ಪಾತ್ರೆಯನ್ನು ಗೂಡಿನ ಬಳಿ ಬಿಟ್ಟು ಹೋಗುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಕಾಲು ನೋಡುವಾಗ ಬಾಯಿಯನ್ನೂ ತೆರೆದು ನೋಡಬೇಕು. ನಾಲಗೆ, ವಸಡುಗಳಲ್ಲಿ ಹುಣ್ಣಿದ್ದು, ಒಂದಕ್ಕಿಂತ ಹೆಚ್ಚು ಕಾಲುಗಳಲ್ಲಿ ಗೊರಸಿನ ಮೇಲಂಚಿನಲ್ಲಿ ಬೊಕ್ಕೆ ಎದ್ದಿದ್ದರೆ ಅದು ಕಾಲುಬಾಯಿ ಜ್ವರವಾಗಿರಬಹುದು. ದೊಡ್ಡ ಆಡು ಅದರಿಂದ ಚೇತರಿಸಿಕೊಂಡೀತು. ಹಾಲು ಕುಡಿಯುವ ಮರಿಯ ಹೃದಯಕ್ಕೆ ಅದು ತಟ್ಟಿ, ಮರಿ ಇದ್ದಕ್ಕಿದ್ದಂತೆ ಸಾಯಬಹುದು. ತುಟಿಯ ಸುತ್ತ ಹಕ್ಕಳೆ ಕಟ್ಟಿದ್ದರೆ ಅದು ಓರ್ಫ್ ಎಂಬ ವೈರಸ್ ಚರ್ಮರೋಗ ಇರಬಹುದು, ಮನುಷ್ಯರ ಕೈಗೂ ಹರಡುತ್ತದೆ, ಗವಸಿಲ್ಲದೆ ಮುಟ್ಟಬಾರದು. ಕೀಲು ಊದಿಕೊಂಡ ಎಳೆಯ ಮರಿ ಕುಂಟುತ್ತಿದ್ದರೆ ತೊಂದರೆ ಹೊಕ್ಕುಳಿನಿಂದ ಬಂದಿರಬಹುದು, ಗೊರಸಿಗೆ ಎಷ್ಟು ಹಚ್ಚಿದರೂ ಪ್ರಯೋಜನವಿಲ್ಲ.

ನಮ್ಮ ಆ ಮರಿ ಮೂರು ವಾರಗಳಲ್ಲಿ ನಾಲ್ಕು ಕಾಲನ್ನೂ ಊರಿತು. ಅನಂತರ ನಾನು ಗೂಡಿನಲ್ಲಿ ಮರಿಗಳ ಭಾಗದ ದಬ್ಬೆಗಳನ್ನು ಅವುಗಳ ಗೊರಸು ಇಳಿಯದಷ್ಟು ಹತ್ತಿರ ಹೊಡೆಸಿದೆ, ಮೆಟ್ಟಿಲಿನ ಬುಡದ ಕೆಸರಿಗೆ ಜಲ್ಲಿ ಹಾಕಿಸಿದೆ. ಹೊರಗಿನಿಂದ ತಂದ ಆಡನ್ನು ಮೂರು ವಾರ ಬೇರೆಯೇ ಕಟ್ಟುತ್ತೇನೆ, ಮತ್ತು ಮಳೆಗಾಲದಲ್ಲಿ ವಾರಕ್ಕೊಮ್ಮೆ ಪ್ರತಿ ಮರಿಯ ಎಂಟೂ ಉಗುರುಗಳನ್ನು ತಿರುಗಿಸಿ ನೋಡುತ್ತೇನೆ.