ಬೆರಳಿನ ಜೊತೆ ಪಿಎಫ್ ಕೂಡ ಹೋಗಬೇಕಾ?

"ಮೂರು ಲಕ್ಷ ಬಂತಂತಲ್ಲ, ಇನ್ನೇನು ಬೇಕು?" ಅಂತ ಕೇಳುವವರಿಗೆ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿ ಹೋಗಿದೆ. ನೆಂಟರು ಕೇಳುತ್ತಾರೆ, ಮನೆ ಓನರ್ ಕೇಳುತ್ತಾರೆ, ಚೀಟಿ ನಡೆಸುವ ಅಕ್ಕ ಕೂಡ ಕೇಳುತ್ತಾರೆ. ಲಾಟರಿ ಹೊಡೆದವರನ್ನು ನೋಡಿದ ಹಾಗೆ ನೋಡುತ್ತಾರೆ. ಅದಕ್ಕೇ ನಮ್ಮ ಮನೆಯವರ ಬೆರಳಿಗೆ ಬಂದ ಆ ಪರಿಹಾರದ ಲೆಕ್ಕವನ್ನೆಲ್ಲ ಒಂದೇ ಸಲ ಬರೆದುಬಿಡುತ್ತೇನೆ.

ನಮ್ಮ ಮನೆಯವರು ಪೀಣ್ಯದ ಒಂದು ಕಂಪನಿಯಲ್ಲಿ ಪವರ್ ಪ್ರೆಸ್ ಆಪರೇಟರ್. 2024ರಲ್ಲಿ ಬಲಗೈಯ ಎರಡು ಬೆರಳು ಹೋದವು. ತೋರುಬೆರಳು, ಅದರ ಪಕ್ಕದ್ದು. ಆ ಮಷೀನಿಗೆ ಎರಡು ಬಟನ್ ಇರುತ್ತವೆ. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ಆಗ ಕೈ ಡೈ (ಅಚ್ಚು) ಒಳಗೆ ಇರೋಕೆ ಸಾಧ್ಯವೇ ಇಲ್ಲ ಅಲ್ವಾ? ಆದರೆ ಟಾರ್ಗೆಟ್ ಮುಟ್ಟಬೇಕಲ್ಲ, ಅದಕ್ಕೆ ಒಂದು ಬಟನ್ ಒತ್ತಿ ಹಿಡಿದು ಟೇಪ್ ಸುತ್ತಿಟ್ಟಿದ್ದರು. ಸೂಪರ್‌ವೈಸರ್ ದಿನಾ ನೋಡುತ್ತಿದ್ದರು. ಕೊನೆಗೆ ಎನ್‌ಕ್ವೈರಿಯಲ್ಲಿ ಬರೆದದ್ದು ಏನು? ಆಪರೇಟರ್ ಅಜಾಗರೂಕತೆ. ಆ ಕಥೆ ಬೇರೆಯೇ ಇದೆ, ಅದನ್ನು ಹೇಳೋಕೆ ಕೂತರೆ ಬೆಳಗಾಗುತ್ತದೆ.

ನನ್ನ ಹೊಟ್ಟೆ ಉರಿಯುತ್ತಿರುವುದು ಆಮೇಲಿನ ಲೆಕ್ಕಕ್ಕೆ.

ಅವರ ಸಂಬಳ 24,000. ಇಎಸ್‌ಐಗೆ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಗೆ ಸೇರಲು ಸಂಬಳದ ಮಿತಿ 21,000. ಅದು 2017ರ ಜನವರಿಯಿಂದ ಹಾಗೇ ನಿಂತಿದೆ. ಇನ್‌ಕ್ರಿಮೆಂಟ್ ಸಿಕ್ಕಿ 21,000 ದಾಟಿದ ವರ್ಷ ಮನೆಯಲ್ಲಿ ಪಾಯಸ ಮಾಡಿದ್ದೆವು. ಅದೇ ಇನ್‌ಕ್ರಿಮೆಂಟ್ ನಮ್ಮನ್ನು ಇಎಸ್‌ಐನಿಂದ ಹೊರಗೆ ಹಾಕಿತು. ಇಎಸ್‌ಐ ಇದ್ದಿದ್ದರೆ ಏನಾಗುತ್ತಿತ್ತು ನೋಡಿ. ಒಂದೇ ಕೈಯ ಎರಡು ಬೆರಳು ಹೋದರೆ ಕಾನೂನಿನ ಪಟ್ಟಿಯಲ್ಲಿ ಶೇ. 20 ದುಡಿಯುವ ಶಕ್ತಿ ಹೋದ ಹಾಗೆ. 21,000 ಸಂಬಳದವರಿಗೆ ಅದರ ಶೇ. 90, ಅಂದರೆ 18,900. ಅದರಲ್ಲಿ ಶೇ. 20 ಅಂದರೆ ತಿಂಗಳಿಗೆ 3,780. ಅದು ಸಾಯುವವರೆಗೂ ಬರುತ್ತದೆ. ಕೆಲಸಕ್ಕೆ ವಾಪಸ್ ಹೋದರೂ ಬರುತ್ತದೆ.

ನಮಗೆ ಅನ್ವಯಿಸಿದ್ದು 1923ರ ಪರಿಹಾರ ಕಾಯ್ದೆ, ಅಂದರೆ ಕೆಲಸದಲ್ಲಿ ಗಾಯವಾದರೆ ಮಾಲೀಕರೇ ದುಡ್ಡು ಕೊಡಬೇಕು ಅನ್ನುವ ಕಾಯ್ದೆ. ಅಲ್ಲಿ ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು 15,000 ಮಾತ್ರ. 2020ರ ಜನವರಿಗೆ ಮುಂಚೆ ಅದೂ 8,000 ಇತ್ತಂತೆ, ಪುಣ್ಯ ನಮ್ಮದು! 15,000ದ ಶೇ. 60 ಅಂದರೆ 9,000. 45 ವರ್ಷದವರಿಗೆ ಅದನ್ನು ಕಾಯ್ದೆಯ ವಯಸ್ಸಿನ ಪಟ್ಟಿಯಲ್ಲಿರುವ 169.44ರಿಂದ ಗುಣಿಸಬೇಕು. ಅದರಲ್ಲಿ ಶೇ. 20. ಬಂದದ್ದು 3,04,992 ರೂಪಾಯಿ. ಎಲ್ಲರೂ ಕಣ್ಣು ಹಾಕುತ್ತಿರುವ ಆ ಮೂರು ಲಕ್ಷ ಇದೇ. ನಿಜವಾದ 24,000 ಸಂಬಳಕ್ಕೇ ಲೆಕ್ಕ ಹಾಕಿದ್ದರೆ 4,87,987 ಆಗುತ್ತಿತ್ತು. ಇಎಸ್‌ಐನ ಆ 3,780ರ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಮೂರು ಲಕ್ಷ ಏಳು ವರ್ಷಕ್ಕೂ ಸಾಲುವುದಿಲ್ಲ. ಅವರಿಗೆ ಈಗ 45 ದಾಟಿದೆ ಅಷ್ಟೇ. 52ರ ನಂತರ ಬೆರಳು ಮತ್ತೆ ಬೆಳೆಯುತ್ತದಾ?

ಜಾಸ್ತಿ ಸಂಬಳ ತೆಗೆದುಕೊಂಡಿದ್ದಕ್ಕೆ ಶಿಕ್ಷೆ ಇದು. ಬೇರೆ ಏನಂತ ಕರೆಯಬೇಕೋ ಗೊತ್ತಿಲ್ಲ.

ಇನ್ನು ಯಾರೂ ಮಾತಾಡದ ವಿಷಯಕ್ಕೆ ಬರುತ್ತೇನೆ. ಅದು ಪಿಎಫ್.

ನಾನು ಒಂದು ಗಾರ್ಮೆಂಟ್ಸ್ ಕಂಪನಿಯ ಟೈಮ್ ಆಫೀಸ್‌ನಲ್ಲಿದ್ದೇನೆ. ಪ್ರತಿ ತಿಂಗಳು ಪಿಎಫ್‌ನ ಇಸಿಆರ್ ಫೈಲ್ (ಯಾರಿಗೆ ಎಷ್ಟು ಕಟ್ಟಿದ್ದು ಅನ್ನುವ ಪಟ್ಟಿ) ಹಾಕುವುದು ನನ್ನದೇ ಕೆಲಸ. ಅದರಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಎನ್‌ಸಿಪಿ ಡೇಸ್ ಅಂತ ಒಂದು ಕಾಲಂ. ಸಂಬಳ ಇಲ್ಲದ, ಪಿಎಫ್ ಕಟ್ಟದ ದಿನಗಳು ಅಂತ ಅರ್ಥ. ಊರ ಜಾತ್ರೆಗೆ ಹೋಗಿ ಹೇಳದೆ ಕೇಳದೆ ಒಂದು ತಿಂಗಳು ಕೂತವರಿಗೂ ಅಲ್ಲಿ 30. ಮಷೀನಿಗೆ ಕೈ ಕೊಟ್ಟು ಆಸ್ಪತ್ರೆಯಲ್ಲಿ ಮಲಗಿದವರಿಗೂ 30. ಇಷ್ಟು ವರ್ಷ ಊರವರ ಹೆಸರಿನ ಮುಂದೆ ಹಾಕಿದ್ದೇನೆ. ನಮ್ಮ ಮನೆಯವರ ಪಾಸ್‌ಬುಕ್ ತೆಗೆದು ನೋಡಿದಾಗ ಆ ತಿಂಗಳುಗಳೆಲ್ಲ ಖಾಲಿ. ಮೈ ಉರಿದು ಹೋಯಿತು.

ಅವರ ಕಂಪನಿಯ ಎಚ್‌ಆರ್‌ಗೆ ಫೋನ್ ಮಾಡಿದೆ. "ಮೇಡಂ, ಡ್ಯೂಟಿ ಇಲ್ಲ ಅಂದ್ರೆ ಸಂಬಳ ಇಲ್ಲ, ಸಂಬಳ ಇಲ್ಲ ಅಂದ್ರೆ ಪಿಎಫ್ ಇಲ್ಲ, ನಿಮಗೇ ಗೊತ್ತಲ್ವಾ" ಅಂದರು. ಗೊತ್ತು ಸ್ವಾಮಿ, ಗೊತ್ತು. ಕಾನೂನು ಹಾಗೇ ಇದೆ. ಪಿಎಫ್ ಕಟ್ಟುವುದು ಸಂಬಳದ ಮೇಲೆ. ಸಂಬಳ ಸಹಿತ ರಜೆ ಕೊಟ್ಟಿದ್ದರೆ ಕಟ್ಟಬೇಕಾಗುತ್ತಿತ್ತು. ಕೊಟ್ಟದ್ದು ಪರಿಹಾರ, ಹದಿನೈದು ದಿನಕ್ಕೊಮ್ಮೆ ಸಂಬಳದ ಶೇ. 25. ಅದಕ್ಕೂ ಅದೇ 15,000ದ ಮಿತಿ, ಅಂದರೆ ತಿಂಗಳಿಗೆ 7,500. ನಮ್ಮ ಮನೆ ಬಾಡಿಗೆಗೇ ಅದು ಸಾಲುವುದಿಲ್ಲ. ಅದು ಸಂಬಳ ಅಲ್ಲವಂತೆ, ಅದಕ್ಕೆ ಪಿಎಫ್ ಲೆಕ್ಕ ಬರುವುದಿಲ್ಲವಂತೆ. ಇಎಸ್‌ಐನಿಂದ ದುಡ್ಡು ಬರುವವರಿಗೂ ಈ ವಿಷಯದಲ್ಲಿ ಇದೇ ಗತಿ.

ಎಷ್ಟು ಹೋಗುತ್ತದೆ ಅಂತ ಕೇಳುತ್ತೀರಾ? ಅವರ ಕಂಪನಿ ಪಿಎಫ್ ಕಟ್ಟುವುದು ಕೂಡ 15,000ದ ಮೇಲೆ ಮಾತ್ರ. 2014ರಿಂದ ಆ ಮಿತಿಯೂ ಅಲುಗಾಡಿಲ್ಲ. ಅವರಿಂದ 1,800, ಕಂಪನಿಯಿಂದ 1,800. ಅದರಲ್ಲಿ 1,250 ಪಿಂಚಣಿಗೆ ಹೋಗಿ ಉಳಿದ 2,350 ಖಾತೆಗೆ ಬೀಳುತ್ತದೆ. ಆರು ತಿಂಗಳು ಬೀಳಲಿಲ್ಲ ಅಂದರೆ 14,100. ಅಷ್ಟೇನಾ ಅನ್ನಬೇಡಿ. ಈಗಿನ ಶೇ. 8.25 ಬಡ್ಡಿ ಹೀಗೇ ಇದ್ದರೆ ಅದು ಅವರ 58ನೇ ವಯಸ್ಸಿಗೆ 39,000 ದಾಟುತ್ತದೆ. ಇನ್ನು ಪಿಂಚಣಿಯದು. ಸಂಬಳವನ್ನು ಸರ್ವಿಸ್‌ನಿಂದ ಗುಣಿಸಿ 70ರಿಂದ ಭಾಗಿಸುವುದು ಅಲ್ಲಿಯ ಲೆಕ್ಕ. ಒಂದು ವರ್ಷದ ಸರ್ವಿಸ್ ಕಡಿಮೆ ಆದರೆ ತಿಂಗಳ ಪಿಂಚಣಿಯಲ್ಲಿ 214 ರೂಪಾಯಿ ಖೋತಾ, ಅದೂ ಜೀವನಪೂರ್ತಿ. ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ, ಪ್ಯಾಕಿಂಗ್‌ನಲ್ಲಿ ಕೂರಿಸಿದ್ದಾರೆ. ಎಷ್ಟು ದಿನ ಇಟ್ಟುಕೊಳ್ಳುತ್ತಾರೋ ದೇವರೇ ಬಲ್ಲ. ಹೋಗಿ ಅಂದರೆ 58ರವರೆಗಿನ ಅಷ್ಟೂ ವರ್ಷ ಲೆಕ್ಕದಿಂದ ಹೋಗುತ್ತವೆ. ಎರಡು ಬೆರಳಿಲ್ಲದ ಪ್ರೆಸ್ ಆಪರೇಟರ್‌ಗೆ ಬೇರೆ ಯಾರು ಕೆಲಸ ಕೊಡುತ್ತಾರೆ?

ಪಿಂಚಣಿ ಯೋಜನೆಯಲ್ಲಿ ಅಂಗವೈಕಲ್ಯ ಪಿಂಚಣಿ ಅಂತ ಒಂದಿದೆ. ಅದು ಪೂರ್ತಿಯಾಗಿ, ಶಾಶ್ವತವಾಗಿ ಕೆಲಸ ಮಾಡಲು ಆಗದವರಿಗೆ ಮಾತ್ರ. ಶೇ. 20 ಹೋದವರಿಗೆ ಸೊನ್ನೆ. ಅಂದರೆ ಇವರ ಕೈ ಪರಿಹಾರದ ಲೆಕ್ಕದಲ್ಲಿ ಐದರಲ್ಲಿ ಒಂದು ಭಾಗ ಹಾಳಾಗಿದೆ, ಪಿಂಚಣಿ ಲೆಕ್ಕದಲ್ಲಿ ಚೆನ್ನಾಗಿಯೇ ಇದೆ. ಒಂದೇ ಕೈ!

ಇಷ್ಟು ಸಾಲದು ಅಂತ ಮನೆ ನಡೆಸಲು ಪಿಎಫ್‌ನಿಂದಲೇ ಅಡ್ವಾನ್ಸ್ ತೆಗೆದೆವು. ಕಾಯಿಲೆ ಕಾರಣ ಕೊಟ್ಟರೆ ಕೊಡುತ್ತಾರೆ, ಆನ್‌ಲೈನ್‌ನಲ್ಲಿ ಬೇಗನೇ ಬಂತು, ಸುಳ್ಳು ಹೇಳಬಾರದು. ಆದರೆ ಒಂದು ಕಡೆ ಹಾಕುವವರಿಲ್ಲ, ಇನ್ನೊಂದು ಕಡೆ ತೆಗೆಯುತ್ತಿರುವವರು ನಾವೇ. ಕಂಪನಿಯ ಮಷೀನ್ ಮಾಡಿದ ಗಾಯಕ್ಕೆ ನಮ್ಮ ಮುಪ್ಪಿನ ದುಡ್ಡು ಖರ್ಚಾಯಿತು. ಯಾಕೆ?

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಎಲ್ಲ ಕಾಯ್ದೆಯನ್ನೂ ಒಂದೇ ಕಡೆ ಸೇರಿಸಿದ್ದೇವೆ ಅಂತ ಹೇಳಿದರು. ಆಸೆಯಿಂದ ನೋಡಿದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಬರುವಾಗ ಆಗುವ ಅಪಘಾತವನ್ನೂ ಪರಿಹಾರಕ್ಕೆ ಸೇರಿಸಿದ್ದಾರೆ. ಒಳ್ಳೆಯದೇ. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಪಿಎಫ್ 3ನೇ ಅಧ್ಯಾಯ, ಇಎಸ್‌ಐ 4ನೇ ಅಧ್ಯಾಯ, ಪರಿಹಾರ 7ನೇ ಅಧ್ಯಾಯ. ಪುಸ್ತಕ ಒಂದಾಯಿತು, ಒಳಗೆ ಎಲ್ಲ ಬೇರೆ ಬೇರೆ ಮನೆ ಮಾಡಿಕೊಂಡೇ ಕೂತಿವೆ. ಪರಿಹಾರ ಕೊಡುವ ತಿಂಗಳುಗಳಿಗೆ ಪಿಎಫ್ ಕೂಡ ಕಟ್ಟಿ ಅಂತ ಒಂದು ಸಾಲು ಸೇರಿಸಲು ಏನು ಕಷ್ಟವಿತ್ತು?

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಎನ್‌ಸಿಪಿ ಕಾಲಂ ಪಕ್ಕದಲ್ಲಿ "ಕೆಲಸದಲ್ಲಿ ಗಾಯ" ಅಂತ ಇನ್ನೊಂದು ಕಾಲಂ ಮಾಡಿ. ಆ ದಿನಗಳ ಪಿಎಫ್ ಅನ್ನು, ಕಾರ್ಮಿಕರ ಪಾಲನ್ನೂ ಸೇರಿಸಿ, ಮಾಲೀಕರು ಅಥವಾ ಇಎಸ್‌ಐ ಕಟ್ಟಲಿ. ಪಿಂಚಣಿಗೆ ಅದು ಸರ್ವಿಸ್ ಅಂತಲೇ ಸೇರಲಿ. ದುಡಿಯುವ ಶಕ್ತಿ ಶೇ. 20 ಹೋಗಿದ್ದರೆ 58ರವರೆಗೆ ಅಷ್ಟು ಪಾಲು ಪಿಎಫ್ ಕೂಡ ಪರಿಹಾರದಿಂದಲೇ ಬರಲಿ. ಮತ್ತೆ ಆ ಮಿತಿಗಳು. ಒಂದು ಕಡೆ 21,000, ಇನ್ನೆರಡು ಕಡೆ 15,000. ಅಕ್ಕಿ ಬೇಳೆ ರೇಟು ಆ ಮಿತಿ ನೋಡಿಕೊಂಡು ಏರುತ್ತಿದೆಯಾ?

2016ರ ಫೆಬ್ರವರಿಯಲ್ಲಿ ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58ರವರೆಗೆ ಮುಟ್ಟುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತು. ಅದಕ್ಕೆ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಮರುದಿನ ಜಾಲಹಳ್ಳಿ ಕ್ರಾಸ್ ಕಡೆಯೂ ಜನ. ನಾನೂ ಆ ಗುಂಪಿನಲ್ಲಿದ್ದೆ. ಯಾವ ಲೀಡರ್ ಕರೆದದ್ದೂ ಅಲ್ಲ, ಸುಮ್ನೆ ಮಷೀನ್ ಬಿಟ್ಟು ಎದ್ದು ಬಂದೆವು. ಆ ದಿನವೇ ನಿಯಮ ವಾಪಸ್ ಆಯಿತು. ಅವತ್ತು ಎಲ್ಲರ ದುಡ್ಡಿಗೂ ಒಟ್ಟಿಗೆ ಕೈ ಹಾಕಿದ್ದರು. ಬೆರಳು ಹಾಗಲ್ಲ, ಇವತ್ತು ಒಬ್ಬರದು ಹೋಗುತ್ತದೆ, ಮುಂದಿನ ತಿಂಗಳು ಇನ್ನೊಬ್ಬರದು. ಒಬ್ಬೊಬ್ಬರೇ ಆಸ್ಪತ್ರೆಗೆ, ಒಬ್ಬೊಬ್ಬರೇ ವಕೀಲರ ಹತ್ತಿರ. ಯಾವ ರಸ್ತೆಯೂ ಬಂದ್ ಆಗುವುದಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಪಿಎಫ್ ಪಾಸ್‌ಬುಕ್ ತೆಗೆದು ಆ ತಿಂಗಳುಗಳನ್ನು ನೋಡಿ. ಖಾಲಿ ಇದ್ದರೆ ನನಗೆ ಹೇಳಿ. ಯೂನಿಯನ್‌ನವರಿಗೆ ನಮ್ಮ ಒಂದೇ ಮನೆಯ ಲೆಕ್ಕ ಕೊಟ್ಟಿದ್ದೇನೆ. ಒಂದು ಸಾಲುವುದಿಲ್ಲ ಅಂದಿದ್ದಾರೆ.