ಅಜ್ಜಿ ಟ್ರಂಕಲ್ಲಿದ್ದ ಹೊಸ ಸೀರೆ

ನಮ್ಮೋರು ಸಾವಿಗೆ ತಯಾರಿನೇ ಮಾಡ್ಕೊಳಲ್ಲ, ಮಾತೆತ್ತಿದ್ರೆ ಬಿಡ್ತು ಅನ್ನು ಅಂತಾರೆ ಅಂತ ಬರ್ದಿದೀರಲ್ಲ ಸರ್, ಪೂರ್ತಿ ಒಪ್ಪಕ್ಕಾಗಲ್ಲ. ನಮ್ಮಜ್ಜಿ ಟ್ರಂಕ್ ತಳದಲ್ಲಿ ಒಂದು ಹೊಸ ಸೀರೆ, ವಿಭೂತಿ ಗಟ್ಟಿ, ಗಂಟು ಕಟ್ಟಿದ ದುಡ್ಡು ಇಟ್ಕೊಂಡಿದ್ರು, ನನ್ ಮಣ್ಣಿಗೆ ಯಾರೂ ಸಾಲ ಮಾಡ್ಬೇಡಿ ಅಂತ. ವರ್ಷಕ್ಕೊಂದ್ಸಲ ಆ ಸೀರೆ ಬಿಸಿಲಿಗೆ ಹಾಕಿ ಡಾಂಬರ್ ಗುಳಿಗೆ ಬದಲಾಯ್ಸೋರು! ಪಕ್ಕದ್ಮನೆ ಸಾಬರ ತಾಯಿ ಹಜ್‌ಗೆ ಹೋದಾಗ ಝಮ್‌ಝಮ್ ನೀರಲ್ಲಿ ಅದ್ದಿದ ಕಫನ್ ಬಟ್ಟೆ, ಅಂದ್ರೆ ಹೆಣಕ್ಕೆ ಹೊದಿಸೋ ಬಟ್ಟೆ, ತಂದು ಬೀರುಲಿ ಇಟ್ಟಿದ್ರು, ಇಬ್ರೂ ಜಗಲಿ ಮೇಲೆ ಕೂತು ನಿನ್ನ ಬಟ್ಟೆ ಚೆಂದ ನನ್ನ ಬಟ್ಟೆ ಚೆಂದ ಅಂತ ನಗೋರು. ಇನ್ನು ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿ ನೋಡಿ, ಸಲ್ಲೇಖನ, ಅಂದ್ರೆ ಜೈನರು ಅನ್ನ ನೀರು ಬಿಡ್ತಾ ಸಾವನ್ನ ಒಪ್ಕೊಳೋ ವ್ರತ, ಮಾಡಿ ದೇಹ ಬಿಟ್ಟೋರ ಬಗ್ಗೆ 7ನೇ ಶತಮಾನದ ಶಾಸನಗಳು ಬಂಡೆ ಮೇಲೇ ಇವೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದು ಆತ್ಮಹತ್ಯೆ ಅಂದಾಗ ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಡ್ತು.

ತಯಾರಿ ಮರ್ತಿರೋದು ನಮ್ ಜನರೇಷನ್ ಅಷ್ಟೇ. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದ್ಲೇ ಬರ್ದಿಡೋ ಲಿವಿಂಗ್ ವಿಲ್‌ಗೆ 2018ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿದೆ, ನೋಡಪ್ಪಾ ವೆಂಟಿಲೇಟರ್ ಹಾಕಿಸ್ಬೇಕಾ ಬೇಡ್ವಾ ಈಗ್ಲೇ ಹೇಳ್ಬಿಡಿ ಅಂತ ನಾನು ಶುರು ಮಾಡಿದ್ರೆ ನಮ್ಮಪ್ಪ ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ.